ಜಟ್ಟಿ ಮನೆತನದ ಮಗಳು

ತಾನು ಗರ್ಭಿಣಿಯೆಂಬುದನ್ನು ಅರಿಯದೆಯೇ ಏಳನೆಯ ತಿಂಗಳಿನವರೆಗೂ ಕುಸ್ತಿಯ ಕಣದಲ್ಲಿ ಸೆಣಸುತ್ತಿದ್ದ ತಾಯಿ. ಆಕೆಯ ಒಡಲಲ್ಲಿ ಪಟ್ಟು, ಪೆಟ್ಟು, ಜನರ ಕೇಕೆ ಇವುಗಳ ನಡುವೆಯೇ ಬೆಳೆಯುತ್ತಿದ್ದ ಮಗಳು. ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹದ ಪಾಠ ಕೇಳಿದ ಅಭಿಮನ್ಯುವಿನ ಕಥೆ ಓದುಗರ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಇದು ಪುರಾಣವಲ್ಲ. ಇಂಗ್ಲೆಂಡಿನ ಒಂದು ಕುಟುಂಬದಲ್ಲಿ 1992ರಲ್ಲಿ ಹೀಗೆ ನಡೆಯಿತೆಂದು ಆ ಮನೆಯವರೇ ಹೇಳುತ್ತ ಬಂದಿದ್ದಾರೆ.

ಲಂಡನ್ನಿಗೆ ಈಶಾನ್ಯದಲ್ಲಿ, ಸುಮಾರು 160 ಕಿಲೋಮೀಟರುಗಳಾಚೆ ನಾರಿಚ್ ಎಂಬ ನಗರವಿದೆ. ಪುರಾತನವಾದ ಕ್ಯಾಥಿಡ್ರಲ್ಲಿಗೂ ಸಾಸಿವೆಗೂ ಹೆಸರಾದ ಊರು. ಅಲ್ಲಿ 1992ರ ಆಗಸ್ಟ್ 17ರಂದು ಸರೇಯಾ-ಜೇಡ್ ಬೆವಿಸ್ ಜನಿಸಿದಳು. ತಂದೆಯು 'ರಿಕಿ ನೈಟ್' ಎಂಬ ಹೆಸರಿನಿಂದ ಕುಸ್ತಿಯಾಡುತ್ತಿದ್ದ. ತಾಯಿ ಜೂಲಿಯಾಳಿಗೆ ಕಣದಲ್ಲಿ 'ಸ್ವೀಟ್ ಸರೇಯಾ' ಎಂಬ ಹೆಸರು. ಹೀಗೆ ತಾಯಿಯ ವೇಷದ ಹೆಸರೇ ಮಗಳಿಗೆ ಹುಟ್ಟುಹೆಸರಾಗಿ ಬಂದಿತು. ಅಣ್ಣಂದಿರಾದ ರಾಯ್ ಮತ್ತು ಝ್ಯಾಕ್ ಸಹ ಕುಸ್ತಿಗಾರರೇ. ಕೆಲವು ಮನೆಗಳಲ್ಲಿ ಸಂಗೀತವೋ ವೈದ್ಯವೋ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂತೆ ಬೆವಿಸ್ ಮನೆಯಲ್ಲಿ ಕುಸ್ತಿ ಇಳಿದು ಬಂದಿತ್ತು.

ಈ ಕುಸ್ತಿ ಗರಡಿಮನೆಯ ಮಣ್ಣಿನಲ್ಲಿ ನಡೆಯುವಂಥದಲ್ಲ. ಹಿಂದೆ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಸಾವಿರಾರು ಜನರೆದುರು ಆಡಿದ ಫ್ರೀ ಸ್ಟೈಲ್ ಕುಸ್ತಿಯನ್ನು ನೆನೆದುಕೊಂಡರೆ ಇದರ ಸ್ವರೂಪ ತಿಳಿಯುತ್ತದೆ. ಅರ್ಧ ಮಲ್ಲಯುದ್ಧ, ಅರ್ಧ ನಾಟಕ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಹಾಗಾದರೆ ಎಲ್ಲವೂ ಬೂಟಾಟಿಕೆಯೇ ಎಂದು ಕೇಳುವವರುಂಟು. ಕಣದ ನೆಲ ಮರದ ಹಲಗೆಯದು. ಮೇಲೆ ತೆಳ್ಳನೆಯ ಮೆತ್ತೆ, ಅದರ ಮೇಲೆ ಬಿಗಿದು ಕಟ್ಟಿದ ಕ್ಯಾನ್‌ವಾಸು. ಆಳೆತ್ತರದಿಂದ ಬೆನ್ನ ಮೇಲೆ ಬಿದ್ದವನಿಗೆ, ಬೀಳುವುದು ಮೊದಲೇ ಗೊತ್ತಿತ್ತೆಂಬ ಕಾರಣದಿಂದ ನೋವು ಕಡಿಮೆಯಾಗುವುದಿಲ್ಲ. ಸರೇಯಾಳ ಜೀವನ ತಿಳಿಯಬೇಕಾದರೆ ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಬ್ರಿಟನ್ನಿನಲ್ಲಿ ಈ ಆಟಕ್ಕೆ ಒಂದು ಕಾಲದಲ್ಲಿ ರಾಜಮರ್ಯಾದೆಯಿತ್ತು. 1955ರಿಂದ 1988ರವರೆಗೆ ಐ.ಟಿ.ವಿ. ದೂರದರ್ಶನವು ಅದನ್ನು ಪ್ರಸಾರ ಮಾಡುತ್ತಿತ್ತು. ಶನಿವಾರ ಸಂಜೆ ನಾಲ್ಕು ಗಂಟೆಗೆ ಅಜ್ಜ ಅಜ್ಜಿಯರಾದಿಯಾಗಿ ಮನೆಮಂದಿಯೆಲ್ಲ ಅದರ ಮುಂದೆ ಕುಳಿತುಕೊಳ್ಳುತ್ತಿದ್ದರು. ಹೆಂಗಸರ ಕುಸ್ತಿಗೆ ಆ ಮರ್ಯಾದೆ ದೊರೆತಿರಲಿಲ್ಲ. ಲಂಡನ್ನಿನಲ್ಲಿಯಂತೂ ಅದಕ್ಕೆ ದಶಕಗಳ ಕಾಲ ಅನುಮತಿಯೇ ಇರಲಿಲ್ಲ. 1988ರಲ್ಲಿ ಪ್ರಸಾರ ನಿಂತ ಮೇಲೆ ಗಂಡಸರ ಕುಸ್ತಿಯೂ ಊರೂರಿನ ಸಭಾಂಗಣಗಳಿಗೆ ಇಳಿಯಿತು. ಸರೇಯಾಳ ತಂದೆತಾಯಿಗಳು ನಾರಿಚ್‌ನಲ್ಲಿ ನಡೆಸಿಕೊಂಡು ಬಂದ ಸಂಸ್ಥೆ ಇಂಥ ಕಾಲದ್ದು. ಹೆಸರೇನೋ 'ವರ್ಲ್ಡ್ ಅಸೋಸಿಯೇಷನ್ ಆಫ್ ರೆಸ್ಲಿಂಗ್'. ಆದರೆ ಕಣ ಕಟ್ಟುವವರು, ಆಡುವವರು, ಊರ ಮಕ್ಕಳಿಗೆ ಪಟ್ಟು ಕಲಿಸುವವರು ಎಲ್ಲರೂ ಬಹುಮಟ್ಟಿಗೆ ಮನೆಯವರೇ.

ಇಂಥ ಮನೆಯಲ್ಲಿ ಹುಟ್ಟಿಯೂ ಬಾಲಕಿಗೆ ಕುಸ್ತಿಯೆಂದರೆ ಭಯವಿತ್ತು. ತಂದೆತಾಯಿಗಳು ಗಾಯ ಮಾಡಿಕೊಂಡು ಬರುವುದನ್ನು ಕಣ್ಣಾರೆ ಕಂಡವಳು ಅವಳು. ಪ್ರಾಣಿಶಾಸ್ತ್ರಜ್ಞೆಯಾಗಬೇಕೆಂಬುದು ಅವಳ ಆಸೆ. 2005ರಲ್ಲಿ ಒಂದು ದಿನ ಪಂದ್ಯಕ್ಕೆ ಬರಬೇಕಾಗಿದ್ದವರೊಬ್ಬರು ಬರಲಿಲ್ಲ. ಜನ ಕಾದು ಕುಳಿತಿದ್ದಾರೆ. ತಂದೆ ಮಗಳ ಕಡೆ ತಿರುಗಿದ. ಅವಳಿಗೆ ಆಗ ಹದಿಮೂರು ವರ್ಷ. ಕಣಕ್ಕಿಳಿದು ಹೊರಬರುವಷ್ಟರಲ್ಲಿ ಭಯ ಹೋಗಿ ಹುಚ್ಚು ಹಿಡಿದಿತ್ತು. 'ಬ್ರಿಟಾನಿ ನೈಟ್' ಎಂಬ ಹೆಸರು ತಳೆದು, ಶಾಲೆಯ ವಯಸ್ಸಿನಲ್ಲಿಯೇ ಅವಳು ಇಂಗ್ಲೆಂಡಿನಲ್ಲಿಯೂ ಯೂರೋಪಿನ ಇತರ ದೇಶಗಳಲ್ಲಿಯೂ ಸುತ್ತಿ ಆಡತೊಡಗಿದಳು.

ಈ ಕಸುಬಿನವರಿಗೆಲ್ಲ ಕಾಶಿಯಿದ್ದಂತೆ ಅಮೆರಿಕದ ಡಬ್ಲ್ಯು.ಡಬ್ಲ್ಯು.ಇ. ಎಂಬ ಬೃಹತ್ ಸಂಸ್ಥೆ. ಜಗತ್ತಿನಾದ್ಯಂತ ದೂರದರ್ಶನದಲ್ಲಿ ಕಾಣುವ ಕುಸ್ತಿ ಬಹುಪಾಲು ಅವರದೇ. ಅವರು ಇಂಗ್ಲೆಂಡಿಗೆ ಬಂದಾಗ ಹೊಸಬರನ್ನು ಪರೀಕ್ಷಿಸುವ ಪದ್ಧತಿಯಿತ್ತು. ಸರೇಯಾ 2010ರ ನವೆಂಬರಿನಲ್ಲಿ ಹೋಗಿ ಅನುತ್ತೀರ್ಣಳಾದಳು. ಎರಡನೆಯ ಸಲ ಆಯ್ಕೆಯಾಗಿ 2011ರ ಸೆಪ್ಟೆಂಬರಿನಲ್ಲಿ ಕರಾರಿಗೆ ಸಹಿ ಹಾಕಿದಳು. ಅಣ್ಣ ಝ್ಯಾಕ್ ಸಹ ಪರೀಕ್ಷೆಗೆ ಹೋಗಿದ್ದ. ಒಟ್ಟಿಗೆ ಬೆಳೆದು, ಒಂದೇ ಕಣದಲ್ಲಿ ಬಿದ್ದು ಎದ್ದು ಕಲಿತ ಇಬ್ಬರಲ್ಲಿ ತಂಗಿಗೆ ಕರೆ ಬಂದಿತು, ಅಣ್ಣನಿಗೆ ಬರಲಿಲ್ಲ. ಸಂತೋಷ ಪಡಬೇಕಾದ ದಿನ ಆ ಮನೆಯಲ್ಲಿ ಯಾರ ಮುಖವನ್ನು ಯಾರು ನೋಡಿದರೋ! 2012ರಲ್ಲಿ ಬ್ರಿಟನ್ನಿನ ಚಾನೆಲ್ 4 ಈ ಕುಟುಂಬದ ಮೇಲೊಂದು ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಅಣ್ಣನ ನಿರಾಶೆಯೂ ಅದರಲ್ಲಿ ಮರೆಯಿಲ್ಲದೆ ದಾಖಲಾಗಿದೆ.

ಹೊರಡುವ ಮೊದಲು ಇನ್ನೊಂದು ವಿಲಕ್ಷಣ ವಿದಾಯ ನಡೆಯಿತು. ತಾಯಿಮಗಳಿಬ್ಬರೂ ಜೋಡಿಯಾಗಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದ 'ಶಿಮ್ಮರ್' ಎಂಬ, ಹೆಂಗಸರಿಗೇ ಮೀಸಲಾದ ಕುಸ್ತಿ ಸಂಸ್ಥೆಯಲ್ಲಿ ಆಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಅದೇ ಜೋಡಿ ಎದುರುಬದುರಾಗಿ ನಿಂತಿತು. ನಿಯಮಗಳ ಬಂಧನವಿಲ್ಲದ ಆ ಪಂದ್ಯದಲ್ಲಿ ಮಗಳು ತಾಯಿಯನ್ನು ಸೋಲಿಸಿದಳು. ಫಲಿತಾಂಶ ಮೊದಲೇ ನಿಶ್ಚಯವಾಗಿದ್ದುದು ನಿಜ. ಮಗಳ ಎದುರು ಬೆನ್ನು ನೆಲಕ್ಕೆ ಹಚ್ಚಿ ಅವಳನ್ನು ದೊಡ್ಡ ಊರಿಗೆ ಕಳಿಸಿಕೊಟ್ಟ ತಾಯಿಯನ್ನು ನಟಿ ಎನ್ನಬೇಕೋ ತಾಯಿ ಎನ್ನಬೇಕೋ, ಓದುಗರೇ ಹೇಳಲಿ.

ಅಮೆರಿಕದಲ್ಲಿ ಅವಳಿಗೆ 'ಪೇಜ್' ಎಂಬ ಹೊಸ ಹೆಸರನ್ನು ಕೊಟ್ಟರು. ಬಿಸಿಲು ಕಾಣದಂಥ ಬಿಳಿ ಮೈಬಣ್ಣ, ಕರಿಗೂದಲು, ಕರಿ ಉಡುಪು. ಹೊಂಬಣ್ಣದ ಚೆಲುವೆಯರ ನಡುವೆ ಅವಳು ಬೇರೆಯಾಗಿಯೇ ಕಾಣುತ್ತಿದ್ದಳು. 2013ರಲ್ಲಿ ಸಂಸ್ಥೆಯ ಕಿರಿಯ ಶಾಖೆಯಾದ ಎನ್.ಎಕ್ಸ್.ಟಿ.ಯಲ್ಲಿ ಮೊಟ್ಟಮೊದಲ ಮಹಿಳಾ ಚಾಂಪಿಯನ್ ಆದಳು. 2014ರ ಏಪ್ರಿಲ್ 7ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಮುಖ್ಯ ವೇದಿಕೆಗೆ ಮೊದಲ ಸಲ ಬಂದವಳು, ಅದೇ ರಾತ್ರಿ ಎ.ಜೆ. ಲೀ ಎಂಬ ಹೆಸರಾಂತ ಆಟಗಾರ್ತಿಯಿಂದ ಡಿವಾಸ್ ಚಾಂಪಿಯನ್‌ಶಿಪ್ ಪಟ್ಟವನ್ನು ಕಸಿದುಕೊಂಡಳು. ಇಪ್ಪತ್ತೊಂದು ವರ್ಷದ ಹುಡುಗಿ; ಅಷ್ಟು ಚಿಕ್ಕ ವಯಸ್ಸಿನವರು ಅದುವರೆಗೆ ಯಾರೂ ಆ ಪಟ್ಟವನ್ನು ಧರಿಸಿರಲಿಲ್ಲ.

ಆ ಪಟ್ಟದ ರೂಪವನ್ನೂ ಹೇಳಬೇಕು. ಗಂಡಸರ ಬೆಲ್ಟುಗಳ ಮೇಲೆ ಹದ್ದು, ಗೋಳ ಮೊದಲಾದ ಗಂಭೀರ ಚಿಹ್ನೆಗಳಿದ್ದರೆ ಹೆಂಗಸರದರ ಮೇಲೆ ಗುಲಾಬಿ ಬಣ್ಣದ ಪಾತರಗಿತ್ತಿ! ಕುಸ್ತಿಗೆ ಕೊಡುತ್ತಿದ್ದ ಕಾಲಾವಕಾಶವೂ ಪಾತರಗಿತ್ತಿಯ ಆಯುಷ್ಯದಷ್ಟೇ. 2015ರ ಫೆಬ್ರವರಿ 23ರಂದು ಪೇಜ್ ಮತ್ತು ಅವಳ ಜೊತೆಗಾತಿ ಆಡಿದ ಪಂದ್ಯ ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಮುಗಿದುಹೋಯಿತು. ವರ್ಷಗಟ್ಟಲೆ ಬೆವರು ಸುರಿಸಿ ಕಲಿತವರಿಗೆ ಅರ್ಧ ನಿಮಿಷ! ಅಂದು ಪ್ರೇಕ್ಷಕರೇ ಕೆರಳಿದರು. ಹೆಂಗಸರಿಗೂ ಅವಕಾಶ ಕೊಡಿರೆಂದು ಅಂತರ್ಜಾಲದಲ್ಲಿ ಲಕ್ಷಾಂತರ ಜನ ಬರೆದರು. ಮರುವರ್ಷ, 2016ರ ಏಪ್ರಿಲಿನಲ್ಲಿ, ಪಾತರಗಿತ್ತಿಯ ಪಟ್ಟವೂ 'ಡಿವಾ' ಎಂಬ ಹೆಸರೂ ಹೋಗಿ 'ಮಹಿಳಾ ಚಾಂಪಿಯನ್' ಎಂಬ ನೇರವಾದ ಹೆಸರು ಬಂದಿತು.

ಕಾಲ ಅನುಕೂಲವಾಗುವ ಹೊತ್ತಿಗೆ ಪೇಜ್‌ಳ ದೇಹ ಪ್ರತಿಕೂಲವಾಗಿತ್ತು. ಕುತ್ತಿಗೆಯ ನೋವು ಬಲಿತು 2016ರ ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಅದೇ ವರ್ಷ ಸಂಸ್ಥೆಯ ಆರೋಗ್ಯನಿಯಮವನ್ನು ಉಲ್ಲಂಘಿಸಿದಳೆಂದು ಎರಡು ಬಾರಿ ಅಮಾನತಾದಳು. 2017ರಲ್ಲಿ ಅವಳ ಖಾಸಗಿ ದೃಶ್ಯಗಳನ್ನು ಯಾರೋ ಅವಳ ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಹರಡಿದರು. ಕದ್ದವರ ಮುಖ ಮರೆಯಲ್ಲಿ ಉಳಿಯಿತು, ನಾಚಿಕೆ ಪಡಬೇಕಾದದ್ದು ಮಾತ್ರ ಅವಳ ಪಾಲಿಗೆ ಬಂದಿತು; ಲೋಕದ ನ್ಯಾಯ ಎಲ್ಲ ಕಡೆಯೂ ಒಂದೇ ಎಂದು ಕಾಣುತ್ತದೆ. ಬದುಕೇ ಬೇಡವೆನಿಸಿದ್ದ ಆ ದಿನಗಳನ್ನೂ ತನ್ನ ವ್ಯಸನಗಳನ್ನೂ ಅವಳು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. 2025ರ ಮಾರ್ಚಿನಲ್ಲಿ ಪ್ರಕಟವಾದ ಅವಳ ಆತ್ಮಕಥೆಯ ಹೆಸರಿನಲ್ಲಿಯೇ ಒಂಬತ್ತು ಜೀವಗಳ ಮಾತು ಬರುತ್ತದೆ. ಬೆಕ್ಕಿಗೆ ಒಂಬತ್ತು ಜೀವಗಳೆಂಬುದು ಇಂಗ್ಲಿಷರ ಒಂದು ನಾಣ್ಣುಡಿ.

2017ರ ನವೆಂಬರಿನಲ್ಲಿ ಅವಳು ಕಣಕ್ಕೆ ಮರಳಿದಳು. ಆ ಮರಳುವಿಕೆ ಐದು ವಾರ ಬಾಳಿತು. ಡಿಸೆಂಬರ್ 27ರಂದು ನ್ಯೂಯಾರ್ಕ್ ಬಳಿಯ ಯೂನಿಯನ್‌ಡೇಲ್‌ನಲ್ಲಿ ನಡೆದ, ದೂರದರ್ಶನದಲ್ಲಿ ಕೂಡ ಬಾರದ ಪಂದ್ಯವೊಂದರಲ್ಲಿ ಎದುರಾಳಿಯ ಒದೆತವೊಂದು ಅವಳ ಬೆನ್ನಿಗೆ ಬಿದ್ದಿತು. ಇಂಥ ನೂರು ಒದೆತಗಳನ್ನು ತಿಂದವಳು ಅವಳು. ಆದರೆ ಈ ಬಾರಿ ಅವಳಿಗೆ ಏಳಲಾಗಲಿಲ್ಲ. ತೀರ್ಪುಗಾರ ಪಂದ್ಯವನ್ನು ನಿಲ್ಲಿಸಿದ. ಮತ್ತೆ ಆಡಕೂಡದೆಂದು ವೈದ್ಯರು ಹೇಳಿದರು.

2018ರ ಏಪ್ರಿಲ್ 9ರಂದು ಅವಳು ಪ್ರೇಕ್ಷಕರ ಮುಂದೆ ನಿಂತು ನಿವೃತ್ತಿಯನ್ನು ಘೋಷಿಸಿದಳು. ಊರು ಅದೇ ನ್ಯೂ ಆರ್ಲಿಯನ್ಸ್. ನಾಲ್ಕು ವರ್ಷಗಳ ಹಿಂದೆ ಪಟ್ಟ ಗೆದ್ದ ಅದೇ ಭವನ. ವಯಸ್ಸು ಇಪ್ಪತ್ತೈದು. ಸಾಮಾನ್ಯ ಮನೆಗಳಲ್ಲಿ ಮಕ್ಕಳು ಮೊದಲ ನೌಕರಿಗೆ ಅರ್ಜಿ ಹಾಕುವ ವಯಸ್ಸು.

ವಿಚಿತ್ರವೆಂದರೆ ಅದೇ ಸಮಯದಲ್ಲಿ ಅವಳ ವಿಜಯದ ಕಥೆ ಚಲನಚಿತ್ರವಾಗುತ್ತಿತ್ತು. ಕುಸ್ತಿಯಿಂದ ಸಿನಿಮಾಕ್ಕೆ ಹೋದ ಡ್ವೇನ್ ಜಾನ್ಸನ್ 2012ರಲ್ಲಿ ಲಂಡನ್ನಿನ ಹೋಟೆಲಿನಲ್ಲಿ ಇದ್ದಾಗ ಆ ಸಾಕ್ಷ್ಯಚಿತ್ರವನ್ನು ಕಂಡು ಮನಸೋತಿದ್ದ. ಸ್ಟೀಫನ್ ಮರ್ಚೆಂಟ್ ಬರೆದು ನಿರ್ದೇಶಿಸಿದ 'ಫೈಟಿಂಗ್ ವಿತ್ ಮೈ ಫ್ಯಾಮಿಲಿ' 2019ರಲ್ಲಿ ತೆರೆಗೆ ಬಂದಿತು. ಸರೇಯಾಳ ಪಾತ್ರವನ್ನು ಫ್ಲಾರೆನ್ಸ್ ಪ್ಯೂ ವಹಿಸಿದಳು. ತಂಗಿಯ ಗೆಲುವಿನಷ್ಟೇ ಅಣ್ಣನ ಸೋಲಿಗೂ ಅದರಲ್ಲಿ ಸ್ಥಳವಿರುವುದು ಮೆಚ್ಚತಕ್ಕ ವಿಷಯ. ಚಿತ್ರ ಮುಗಿಯುವುದು 2014ರ ಆ ರಾತ್ರಿಯ ವಿಜಯದೊಂದಿಗೆ. ಅದನ್ನು ನೋಡಿ ಸಂತೋಷದಿಂದ ಮನೆಗೆ ಹೋದ ಎಷ್ಟೋ ಮಂದಿಗೆ, ನಾಯಿಕೆಯ ಕುಸ್ತಿ ಆಗಲೇ ಮುಗಿದುಹೋಗಿದೆ ಎಂಬುದು ಗೊತ್ತಿದ್ದಿರಲಾರದು.

ನಾಲ್ಕು ವರ್ಷ ಅವಳು ಕಣದ ಹೊರಗೇ ಇದ್ದಳು. ಕೆಲಕಾಲ ಕಾರ್ಯಕ್ರಮದ ಮೇಲ್ವಿಚಾರಕಿಯ ಪಾತ್ರವನ್ನೂ ವಹಿಸಿದಳು. 2022ರ ಜುಲೈನಲ್ಲಿ ಸಂಸ್ಥೆಯೊಂದಿಗಿನ ಸಂಬಂಧ ಮುಗಿಯಿತು, ಅದರೊಂದಿಗೆ 'ಪೇಜ್' ಎಂಬ ಹೆಸರೂ ಕಳಚಿತು. ಸೆಪ್ಟೆಂಬರಿನಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯಾದ ಎ.ಇ.ಡಬ್ಲ್ಯು.ಗೆ ಬಂದಾಗ ಅವಳು ಕೇವಲ 'ಸರೇಯಾ'. ಕುತ್ತಿಗೆಯನ್ನು ಮತ್ತೆ ಪರೀಕ್ಷಿಸಿದ ವೈದ್ಯರು ಒಪ್ಪಿಗೆ ಕೊಟ್ಟರು. ನವೆಂಬರ್ 19ರಂದು ನ್ಯೂವರ್ಕ್ ನಗರದಲ್ಲಿ, ಸುಮಾರು ಐದು ವರ್ಷಗಳ ತರುವಾಯ, ಅವಳು ಬ್ರಿಟ್ ಬೇಕರ್ ಎಂಬವಳನ್ನು ಎದುರಿಸಿ ಗೆದ್ದಳು. ಅವಳು ಪ್ರತಿಸಲ ಬೆನ್ನ ಮೇಲೆ ಬಿದ್ದಾಗಲೂ ನೋಡುವವರು ಉಸಿರು ಬಿಗಿಹಿಡಿದಿರಬೇಕು.

2023ರ ಆಗಸ್ಟ್ 27ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆ ಸಂಸ್ಥೆಯ ಭಾರಿ ಪ್ರದರ್ಶನ ನಡೆಯಿತು. ಟಿಕೆಟು ಕೊಂಡು ಬಂದವರು 81,035 ಮಂದಿಯೆಂದು ಸಂಸ್ಥೆ ಪ್ರಕಟಿಸಿತು. ಒಂದು ಕಾಲಕ್ಕೆ ಹೆಂಗಸರ ಕುಸ್ತಿಯನ್ನು ಒಳಗೆ ಬಿಟ್ಟುಕೊಳ್ಳದಿದ್ದ ನಗರ ಇದೇ. ಅಂದು ನಾಲ್ವರು ಹೆಂಗಸರು ಏಕಕಾಲಕ್ಕೆ ಸೆಣಸಿದ ಪಂದ್ಯದಲ್ಲಿ ಜಪಾನಿನ ಹಿಕಾರು ಶಿಡಾಳ ಬಳಿಯಿದ್ದ ವಿಶ್ವಪಟ್ಟ ಸರೇಯಾಳ ಕೈಸೇರಿತು. ನಾರಿಚ್‌ನಿಂದ ಬಂದ ಮನೆಯವರು ಕಣದ ಪಕ್ಕದಲ್ಲಿಯೇ ಇದ್ದರು, ತಾಯಿಯೂ ಇದ್ದಳು. ಧ್ವನಿವರ್ಧಕದಲ್ಲಿ ವಿಜೇತೆಯ ಹೆಸರನ್ನು ಕೂಗಿದಾಗ ಕೇಳಿಸಿದ್ದು ಆ ತಾಯಿ ಸಣ್ಣಪುಟ್ಟ ಸಭಾಂಗಣಗಳಲ್ಲಿ ಹೊತ್ತು ತಿರುಗಿದ ಹೆಸರೇ.

ಪಟ್ಟ ಉಳಿದದ್ದು ಆರೇ ವಾರ. ಅಕ್ಟೋಬರ್ 10ರಂದು ಶಿಡಾ ಅದನ್ನು ಮರಳಿ ಗೆದ್ದುಕೊಂಡಳು. 2025ರ ಮಾರ್ಚಿನಲ್ಲಿ ಸರೇಯಾ ಆ ಸಂಸ್ಥೆಯನ್ನೂ ಬಿಟ್ಟು ಹೊರಬಂದಳು.