ಗಲಗಲ ಎಂದರೆ ಗೆದ್ದಂತೆ

ಮಕ್ಕಳೇ, ಈ ವಾರ ಒಂದು ಸುಲಭದ ಲೆಕ್ಕ. ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ 1 ಕಿಲೋ ತಂದು ಬಿಸಿಲಿಗೆ ಹಾಕಿದ್ದೇವೆ. ಪೂರ್ತಿ ಒಣಗಿದ ಮೇಲೆ ತೂಗಿದರೆ ಎಷ್ಟು ಬರುತ್ತದೆ? ಸುಮಾರು 250ರಿಂದ 350 ಗ್ರಾಂ. ಮಿಕ್ಕಿದ್ದನ್ನು ಯಾರೂ ಕದ್ದಿಲ್ಲ. ಅದಷ್ಟೂ ನೀರು, ಗಾಳಿಗೆ ಹೋಯಿತು. ಒಣಗಿಸುವುದೆಂದರೆ ನೀರು ಕಳೆಯುವ ಲೆಕ್ಕ. ಚೆನ್ನಾಗಿ ಒಣಗಿದ ಕಾಯಿಯಲ್ಲೂ ನೂರಕ್ಕೆ ಹತ್ತು ಪಾಲು ನೀರು ಉಳಿದಿರುತ್ತದೆ. ಅದಕ್ಕಿಂತ ಹೆಚ್ಚು ಉಳಿಯಿತೋ, ತೊಂದರೆ ಶುರು.

ಶಿವರಾತ್ರಿ ಕಳೆದು ಬಿಸಿಲು ಬಲಿತರೆ ನಮ್ಮ ಸಮೇತನಹಳ್ಳಿಯ ಮನೆಗಳಲ್ಲಿ ವರ್ಷದ ಸಾರಿನ ಪುಡಿ, ಖಾರದ ಪುಡಿಯ ಕೆಲಸ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಸುಕ್ಕುಸುಕ್ಕಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದರ ಬಣ್ಣವನ್ನು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ ಎಂದರೆ ನಗಬೇಡಿ, ನಿಜ. ಅಂಗಡಿಯಿಂದ ಒಣಗಿದ್ದನ್ನೇ ತಂದರೂ ಮತ್ತೆ ಎರಡು ಮೂರು ದಿನ ಬಿಸಿಲು ಕಾಣಿಸಬೇಕು. ಮೂಟೆಯಲ್ಲಿ ಕೂತ ಕಾಯಿ ತೇವ ಕುಡಿದಿರುತ್ತದೆ.

ನಮ್ಮ ಕಡೆ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸುವುದು ರೂಢಿ. ಮೆಣಸಿನಕಾಯಿಗೆ ಅದು ಬೇಡ. ಧೂಳು, ಹೊಗೆ, ನಾಯಿ ಎಲ್ಲ ಸೇರಿ ಸಾರಿನ ಪುಡಿಗೆ ಬರುತ್ತವೆ. ತಾರಸಿಯ ಮೇಲೆ ಮಂಚವಿಟ್ಟು, ಚಾಪೆ ಹಾಸಿ, ಅದರ ಮೇಲೆ ಒಗೆದ ಬಿಳಿ ಪಂಚೆ ಹರಡಿ. ಪ್ಲಾಸ್ಟಿಕ್ ಹಾಳೆ ಬೇಡ, ಅದರ ಮೇಲೆ ಕಾಯಿ ಬೆವರುತ್ತದೆ. ಒಂದರ ಮೇಲೊಂದು ಬೀಳದಂತೆ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಚುರುಗುಟ್ಟುವ ಬಿಸಿಲಿದ್ದು ನಾಲ್ಕಕ್ಕೆ ಮಳೆ ಸುರಿಯುವುದುಂಟು. ಮುಗಿಲು ನೋಡುವ ಕೆಲಸ ಮನೆಯ ಮಕ್ಕಳದ್ದು.

ಒಣಗಿತೋ ಇಲ್ಲವೋ ತಿಳಿಯಲು ಕಿವಿ ಸಾಕು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಬೀಜ ಗಲಗಲ ಎನ್ನಬೇಕು. ಬಗ್ಗಿಸಿದರೆ ಪಟ್ಟೆಂದು ಮುರಿಯಬೇಕು. ಚರ್ಮದ ಹಾಗೆ ಬಾಗಿದರೆ ಇನ್ನೂ ಬಿಸಿಲು ಬೇಕು.

ಈಗ ಮುಖ್ಯ ಮಾತು, ದೊಡ್ಡವರೂ ಓದಿ. ಸರಿಯಾಗಿ ಒಣಗದ ಕಾಯಿಯೊಳಗೆ ಬೂಷ್ಟು ಬೆಳೆಯುತ್ತದೆ. ಹೊರಗೆ ಥಳಥಳ ಕೆಂಪು, ಮುರಿದರೆ ಒಳಗೆ ಬೂದು ಇಲ್ಲವೇ ಹಸಿರು ಪುಡಿ. ಪಕ್ಕದ ಮನೆಯ ಅಜ್ಜಿ ಅಂಥದ್ದನ್ನು ಬಟ್ಟೆಯಲ್ಲಿ ಒರೆಸಿ ಬಾಣಲೆಗೆ ಹಾಕುತ್ತಿದ್ದರು. "ಹುರಿದರೆ ಎಲ್ಲಾ ಸುಟ್ಟುಹೋಗುತ್ತೆ ಬಿಡಿ ಸ್ವಾಮಿ, ದುಡ್ಡೇನು ಗಿಡದಲ್ಲಿ ಬಿಡುತ್ತಾ?" ಅಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಕೆಲವು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಬೂಷ್ಟು ಸತ್ತರೂ ಆ ವಿಷ ಹುರಿದಾಗ ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಯಕೃತ್ತಿಗೆ ಹಾನಿ, ಕ್ಯಾನ್ಸರ್ ಕೂಡ ಬರಬಹುದು. ಒಂದು ಕಿಲೋ ಮೆಣಸಿನಕಾಯಿಯಲ್ಲಿ ಇದು 10 ಮೈಕ್ರೋಗ್ರಾಂ ಮೀರಿದರೆ ಯುರೋಪಿನ ಒಕ್ಕೂಟ ಸರಕನ್ನು ಒಳಗೆ ಬಿಡುವುದಿಲ್ಲ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ! ನಮ್ಮ ಅಡಿಗೆಮನೆಯಲ್ಲಿ ಪರೀಕ್ಷೆ ಮಾಡುವ ಯಂತ್ರವಿಲ್ಲ. ಕಣ್ಣು, ಮೂಗು, ಕೈ ಇವೆ. ಮಿಲ್ಲಿಗೆ ಹಾಕಿಸುವ ಮೊದಲು ತೊಟ್ಟು ತೆಗೆಯುತ್ತೇವಲ್ಲ, ಆಗಲೇ ಕಾಯಿ ಸೀಳಿ ನೋಡಿ. ಮುಗ್ಗಲು ವಾಸನೆ, ಬೂದು ಪುಡಿ ಕಂಡದ್ದನ್ನು ಎಸೆಯಿರಿ. ಪುಡಿಯಾದ ಮೇಲೆ ಯಾರ ಕಣ್ಣಿಗೂ ಕಾಣದು. ಕಾಲು ಕಿಲೋ ಹೋದರೆ ಮುಂದಿನ ತಿಂಗಳು ತರಬಹುದು.

ಹಸಿಮೆಣಸಿನಕಾಯಿ ಅಗ್ಗವಾದಾಗ ಮಜ್ಜಿಗೆ ಮೆಣಸಿನಕಾಯಿ ಮಾಡಿ. ಅರ್ಧ ಕಿಲೋ ದಪ್ಪ ಕಾಯಿ ತೊಳೆದು, ಒರೆಸಿ, ತೊಟ್ಟು ಬಿಟ್ಟು ಉದ್ದಕ್ಕೆ ಒಂದು ಸೀಳು ಹಾಕಿ. ಅರ್ಧ ಲೀಟರ್ ಹುಳಿ ಮೊಸರು ಕಡೆದು ಸುಮಾರು 60 ಗ್ರಾಂ ಉಪ್ಪು, ಒಂದು ಚಮಚ ಮೆಂತ್ಯದ ಪುಡಿ, ಇಂಗು ಸೇರಿಸಿ. ಕಾಯಿ ರಾತ್ರಿ ಮಜ್ಜಿಗೆಯಲ್ಲಿ, ಹಗಲು ಬಿಸಿಲಲ್ಲಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ನಾಲ್ಕು ದಿನಕ್ಕೆ ಮಜ್ಜಿಗೆಯೆಲ್ಲ ಕಾಯಿಗೆ ಇಳಿದಿರುತ್ತದೆ. ಆಮೇಲೆ ಬರೀ ಬಿಸಿಲು, ಗರಿಗರಿಯಾಗುವ ತನಕ. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ, ಹುಳಿ ಕೆಡದಂತೆ ಕಾಯುತ್ತದೆ. ಎಣ್ಣೆಯಲ್ಲಿ ಕರಿದು ಮೊಸರನ್ನದ ಜೊತೆ ನೆಂಚಿಕೊಳ್ಳಿ.

ತುಂಬಿಡುವಾಗ ಅವಸರ ಬೇಡ. ಬಿಸಿಲಿನ ಕಾವು ಪೂರ್ತಿ ಆರಲಿ. ಬಿಸಿಬಿಸಿಯಾಗಿ ಮುಚ್ಚಿದರೆ ಡಬ್ಬದ ಒಳಗೇ ನೀರಾಡುತ್ತದೆ. ತೇವವಿಲ್ಲದ ಬಿಗಿ ಮುಚ್ಚಳದ ಡಬ್ಬ, ಕತ್ತಲಿನ ಮೂಲೆ. ಬೆಳಕಿಗೆ ಬಣ್ಣ ಕಂದುತ್ತದೆ. ಮಳೆಗಾಲದಲ್ಲಿ ಬಿಸಿಲು ಬಂದ ದಿನ ಒಮ್ಮೆ ತೆಗೆದು ಒಣಗಿಸಿ.

ಮಕ್ಕಳಿಗೊಂದು ಕೆಲಸ: ಹತ್ತು ಹಣ್ಣು ಮೆಣಸಿನಕಾಯಿ ತೂಗಿ, ಬಿಸಿಲಿಗಿಟ್ಟು, ದಿನಾ ಸಂಜೆ ತೂಕವನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಒಳ್ಳೆಯ ಬಿಸಿಲಿದ್ದೂ ಎರಡು ದಿನ ಒಂದೇ ಅಂಕಿ ಬಂದರೆ ಕಾಯಿ ಒಣಗಿತೆಂದು ಲೆಕ್ಕ. ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಖಾರ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೈಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ನಾಲಿಗೆ ಉರಿದರೆ ಬಾಯಿಗೆ ಒಂದು ಚಮಚ ಮೊಸರು.