ಒಂದೇ ದವಡೆಯಲ್ಲಿ 526 ಹಲ್ಲು
2019ರಲ್ಲಿ ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿನ ವೈದ್ಯರು ಏಳು ವರ್ಷದ ಹುಡುಗನೊಬ್ಬನ ಕೆಳದವಡೆಯಿಂದ 526 ಹಲ್ಲು ತೆಗೆದರು. ಅಚ್ಚಿನ ತಪ್ಪಲ್ಲ, ಐನೂರ ಇಪ್ಪತ್ತಾರೇ! ಮೂರನೇ ವಯಸ್ಸಿನಲ್ಲೇ ದವಡೆ ಊದಿದ್ದನ್ನು ಹೆತ್ತವರು ಗಮನಿಸಿದ್ದರು. ಆದರೆ ಅಷ್ಟು ಚಿಕ್ಕ ಮಗು ವೈದ್ಯರ ಮುಂದೆ ಸುಮ್ಮನೆ ಕೂರಬೇಕಲ್ಲ, ತಪಾಸಣೆ ಮುಂದಕ್ಕೆ ಹೋಯಿತು. ಕೊನೆಗೆ ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಗುಟ್ಟು ರಟ್ಟಾಯಿತು. ದವಡೆಯನ್ನು ಮೇಲ್ಭಾಗದಿಂದ ಕೊರೆದು ತೆಗೆದದ್ದು ಸುಮಾರು 200 ಗ್ರಾಂ ತೂಕದ ಚೀಲ. ಒಳಗೆ ದಾಳಿಂಬೆ ಬೀಜದಂತೆ ಒತ್ತೊತ್ತಾಗಿ ಹಲ್ಲುಗಳು. ಕೆಲವು ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣವು, ದೊಡ್ಡದು 15 ಮಿಲಿಮೀಟರ್. ಗಾತ್ರ ಏನೇ ಇರಲಿ, ಬೇರು, ತಲೆ, ಎನಾಮಲ್ ಎಲ್ಲವೂ ಲಕ್ಷಣವಾಗಿದ್ದವು. ಶಸ್ತ್ರಚಿಕಿತ್ಸೆಗಿಂತ ಆ ಚೀಲ ಬಿಡಿಸಿ ಎಣಿಸುವುದೇ ದೊಡ್ಡ ಕೆಲಸವಾಯಿತು, ನಾಲ್ಕೈದು ತಾಸು ಹಿಡಿಯಿತು! ಇದು ಒಡೊಂಟೋಮ, ಹಲ್ಲು ಕಟ್ಟುವ ಅಂಗಾಂಶ ದಾರಿ ತಪ್ಪಿ ಬೆಳೆದ ಗಡ್ಡೆ, ಕ್ಯಾನ್ಸರ್ ಅಲ್ಲ. 2014ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಇಂಥದ್ದೇ ಗಡ್ಡೆಯಿದ್ದ 17ರ ಹುಡುಗನ ದವಡೆಗೆ ಉಳಿ, ಸುತ್ತಿಗೆಯನ್ನೇ ಹಿಡಿದು ಏಳು ತಾಸು ದುಡಿದ ವೈದ್ಯರಿಗೆ ಸಿಕ್ಕಿದ್ದು 232 ಹಲ್ಲು. ಅವನೂ ಒಂದೂವರೆ ವರ್ಷ ಊತ ಸಹಿಸಿಕೊಂಡಿದ್ದ. ಮಕ್ಕಳ ದವಡೆ ನೋವಿಲ್ಲದೆ ಊದಿದರೂ, ಬರಬೇಕಾದ ಹಲ್ಲು ಬಾರದಿದ್ದರೂ ದಂತವೈದ್ಯರಿಗೆ ತೋರಿಸಿ, ಅಗತ್ಯವೆಂದರೆ ಒಂದು ಎಕ್ಸ್‌ರೇ ತೆಗೆಸಿಬಿಡಿ.