ನಿಮ್ಮ ಪಿಡಿಎಫ್‌ಗೆ ಬೀಗ ಯಾಕೆ?

ಶನಿವಾರ ಬೆಳಗ್ಗೆ ಮಗುವನ್ನು ಕಾರಲ್ಲಿ ಕೂರಿಸಿಕೊಂಡು ಕನ್ನಡ ತರಗತಿಗೆ ಕರ್ಕೊಂಡು ಹೋಗ್ತೀರಲ್ಲ, ಅಲ್ಲಿ ಪಾಠ ಹೇಳುವವರನ್ನು ಒಮ್ಮೆ ಕೇಳಿ ನೋಡಿ: "ಈ ಅಭ್ಯಾಸದ ಹಾಳೆ ಯಾರು ಮಾಡಿದ್ದು?" "ನಾನೇ, ನಿನ್ನೆ ರಾತ್ರಿ ಕೂತು" ಅಂತಾರೆ. ನಾನಿರುವ ಸ್ಟ್ರೀಟ್ಸ್‌ವಿಲ್‌ನಲ್ಲಿ ಒಬ್ಬರು, ಬ್ರಾಂಪ್ಟನ್‌ನಲ್ಲಿ ಇನ್ನೊಬ್ಬರು, ಮಿಲ್ಟನ್‌ನಲ್ಲಿ ಮತ್ತೊಬ್ಬರು, ಎಲ್ಲರೂ ಅದೇ ರಾತ್ರಿ ಅದೇ ಹಾಳೆ. ನಾವು ಇದನ್ನು ಸೇವೆ ಅಂತ ಕರೆದು ರಾಜ್ಯೋತ್ಸವದ ದಿನ ಶಾಲು ಹೊದಿಸ್ತೀವಿ. ನನ್ನ ಪ್ರಕಾರ ಇದು ಬರೀ ಪೋಲು.

ನಾನು ಬೈಯುತ್ತಿರುವುದು ಶಿಕ್ಷಕರನ್ನಲ್ಲ. ನನ್ನನ್ನೂ ಸೇರಿಸಿ, ಸಮಿತಿಗಳಲ್ಲಿ ಕೂರುವ ನಮ್ಮನ್ನು.

ನಾನು ಸಹಾಯಕ್ಕೆ ಹೋಗುತ್ತಿದ್ದ ತರಗತಿಯಲ್ಲಿ ಒಬ್ಬ ಮೇಡಂ ಇದ್ದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಒತ್ತಕ್ಷರ ಅಂದ್ರೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವರು ಹಾಳೆ ಬದಿಗಿಟ್ಟು ಮಕ್ಕಳ ಕೈಗೆ ಫೋನಿನ ಕನ್ನಡ ಕೀಲಿಮಣೆ ಕೊಟ್ಟರು. "ಅಕ್ಕ" ಟೈಪ್ ಮಾಡಿ ಅಂದರು. ಅ, ಕ, ಆಮೇಲೆ ಆ ಪುಟ್ಟ ಅರ್ಧಾಕ್ಷರದ ಚಿಹ್ನೆ, ಮತ್ತೆ ಕ. ನಾಲ್ಕು ಸಲ ಒತ್ತಿದರೆ ಒತ್ತು ತಾನಾಗಿ ಕೆಳಗೆ ಇಳಿಯಿತು! ಒತ್ತಕ್ಷರದೊಳಗೆ ಏನಿದೆ ಅಂತ ಬೆರಳಿಗೇ ಗೊತ್ತಾಯಿತು. "ಸೂರ್ಯ"ದ ಅರ್ಕಾವೊತ್ತು ಇನ್ನೂ ಮಜಾ: ರ ಮೊದಲು ಒತ್ತಿದರೂ ಅದು ಯ ಆದ ಮೇಲೆ ಕಾಣುತ್ತೆ. ಮಕ್ಕಳು ಜಗಳ ಆಡಿದರು, "ಫೋನು ತಪ್ಪು" ಅಂದರು. ಆ ಜಗಳದಲ್ಲೇ ಪಾಠ ಆಯ್ತು. ದಿನವಿಡೀ ದತ್ತಾಂಶದ ಜೊತೆ ಏಗುವ ನನಗೆ ಯೂನಿಕೋಡ್ ಹೀಗೇ ಕೆಲಸ ಮಾಡುತ್ತೆ ಅಂತ ಗೊತ್ತಿತ್ತು. ಅದು ಪಾಠವೂ ಆಗಬಹುದು ಅಂತ ಹೊಳೆದಿರಲಿಲ್ಲ.

ಆ ಪಾಠವನ್ನು ಪಕ್ಕದ ಊರಿನ ತರಗತಿಗೆ ಕಳಿಸೋಣ ಅಂದೆ. ಸಮಿತಿ ಒಪ್ಪಲಿಲ್ಲ. "ನಮ್ಮ ಸಾಮಗ್ರಿ ಹೊರಗೆ ಕೊಡಲ್ಲ." ಪ್ರತಿ ಪುಟಕ್ಕೂ ಲಾಂಛನ ಒತ್ತಿ, ಪಿಡಿಎಫ್ ಮಾಡಿ, ಪಾಸ್‌ವರ್ಡ್ ಹಾಕಿದರು. ಮೇಡಂ ಕ್ಯಾಲ್ಗರಿಗೆ ಹೋದರು. ಮೂಲ ಕಡತ ಅವರ ಹಳೇ ಲ್ಯಾಪ್‌ಟಾಪ್‌ನಲ್ಲಿತ್ತು. ಈಗ ಮಕ್ಕಳು ಮತ್ತೆ ಒತ್ತಕ್ಷರವನ್ನು ಹತ್ತತ್ತು ಸಲ ತಿದ್ದುತ್ತಿದ್ದಾರೆ.

ಇನ್ನು ಊರಿನ ಕಥೆ ಕೇಳಿ. ಕರ್ನಾಟಕದಲ್ಲಿ 2011ರಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಶುರುವಾಯಿತು. ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಿಂತಿತು. ಜಿಲ್ಲಾ ತರಬೇತಿ ಕೇಂದ್ರಗಳ ಕಂಪ್ಯೂಟರ್ ಕೋಣೆಗಳಲ್ಲಿ ಗಣಿತ ಮೇಷ್ಟ್ರುಗಳು ಉಚಿತ ತಂತ್ರಾಂಶ ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದಾಡುವುದನ್ನು ಕಲಿತು, ಮಾಡಿದ್ದನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ಅದರಿಂದ ಬೆಳೆದದ್ದೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೇ ಅದೂ ನಡೆಯುತ್ತೆ. ಒಬ್ಬರು ಬರೆದ ಪಾಠವನ್ನು ಇನ್ನೊಬ್ಬರು ತಿದ್ದಬಹುದು. ಅಲ್ಲಿ ಅರ್ಧಕ್ಕೆ ನಿಂತ ಪುಟಗಳೂ ಇವೆ, ಇರಲಿ. ಅರ್ಧ ಪುಟವನ್ನು ನಾನು ಮುಂದುವರಿಸಬಲ್ಲೆ. ಬೀಗ ಹಾಕಿದ ಪೂರ್ಣ ಪುಟವನ್ನು ಏನು ಮಾಡಲಿ?

"ಸರ್ಕಾರಿ ಶಾಲೆಯವರಿಂದ ನಾವು ಕಲಿಯಬೇಕಾ? ಇಲ್ಲಿ ಮಕ್ಕಳಿಗೆ ಕ್ರೋಮ್‌ಬುಕ್ ಇದೆ" ಅಂತ ಒಬ್ಬ ಅಂಕಲ್ ನನಗೆ ಹೇಳಿದ್ರು. ಇದೆ, ಅಂಕಲ್. ಅದರಲ್ಲಿ ತೆರೆಯೋಕೆ ಏನಿದೆ? ಎಂದೋ ನುಡಿಯಲ್ಲೋ ಬರಹದಲ್ಲೋ ಹಳೇ ಅಕ್ಷರಶೈಲಿ ಇಟ್ಟು ಟೈಪ್ ಮಾಡಿದ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಒಂಟಾರಿಯೋ ಸರ್ಕಾರ 1977ರಲ್ಲೇ ಮನೆಮಾತುಗಳ ಪಾಠಕ್ಕೆ ಶಾಲೆಯ ಬಾಗಿಲು ತೆರೆಯಿತು. 25 ಮಕ್ಕಳ ಪೋಷಕರು ಕೇಳಿದರೆ ಶಾಲಾ ಮಂಡಳಿ ತರಗತಿ ನಡೆಸಬೇಕು ಎಂಬ ನಿಯಮವೂ ಆಮೇಲೆ ಬಂತು. ಕೋಣೆ ಸಿಗುತ್ತೆ; ಒತ್ತಕ್ಷರದ ಪಾಠ ಮಾತ್ರ ಯಾವ ಮಂಡಳಿಯೂ ಬರೆದುಕೊಡಲ್ಲ.

ಹಂಚಿದರೆ ಗುಣಮಟ್ಟ ಕೆಡುತ್ತೆ ಅನ್ನುವವರಿದ್ದಾರೆ. ಕೆಡಲಿ, ತಿದ್ದೋಣ. ಯಾರೂ ನೋಡದ ಪಾಠದ ತಪ್ಪು ಹತ್ತು ವರ್ಷ ಹಾಗೇ ಉಳಿಯುತ್ತೆ.

ಮುಂದಿನ ಶನಿವಾರ ಮಗುವನ್ನು ಬಿಟ್ಟು ಕಾಫಿಗೆ ಓಡಬೇಡಿ. ಐದು ನಿಮಿಷ ನಿಂತು ಆ ಹಾಳೆಯ ಮೂಲ ಕಡತ ಕೇಳಿ, ಯೂನಿಕೋಡ್‌ನಲ್ಲಿ, ತಿದ್ದಲು ಬರುವ ಹಾಗೆ. "ಈ ಪಾಠ ಯಾವ ಮಗುವಿಗೆ ಎಲ್ಲಿ ತಲೆಗೆ ಹೋಗಲಿಲ್ಲ" ಅಂತ ಅದರ ಕೆಳಗೆ ಎರಡು ಸಾಲು ಬರೆಸಿ. ಸಮಿತಿಯವರು ಬಂದು ಯಾಕೆ ಅಂದರೆ ನನ್ನ ಹೆಸರು ಹೇಳಿ, ಪರವಾಗಿಲ್ಲ.